ಏಳು ಗಂಟೆಯ ಸಾಕ್ಷಿ

ಸದಾಶಿವ ಪೇಠ, ಪುಣೆ
೪ ಮಾರ್ಚ್ ೨೦೨೪

ಚಿ. ಮಿಥುನನಿಗೆ ಏಕನಾಥ ಹುಯಿಲಗೋಳನ ಆಶೀರ್ವಾದಗಳು.

ಇದು ಕುಶಲ ಕೇಳುವ ಪತ್ರವಲ್ಲ, ದೂರು. ನೀನಿರುವ ಹಿಂಜವಾಡಿ ಇಲ್ಲಿಂದ ಇಪ್ಪತ್ತು ಕಿಲೋಮೀಟರು. ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಅನ್ನಬಹುದು. ಫೋನಿನಲ್ಲಿ ಆಡಿದ ಮಾತಿಗೆ ಯಾರೂ ಬದ್ಧರಲ್ಲ. ಧಾರವಾಡದಲ್ಲಿ ಓದುತ್ತಿದ್ದಾಗ ಮೂರು ವರ್ಷ ಸತತವಾಗಿ ಚರ್ಚಾಸ್ಪರ್ಧೆಯ ಫಲಕ ಗೆದ್ದವನು ನಾನು. ಎದುರಾಳಿಯ ಮಾತು ಕಾಗದದ ಮೇಲಿಲ್ಲದಿದ್ದರೆ ಅದನ್ನು ಖಂಡಿಸುವ ಬಗೆಯೇ ಇಲ್ಲವೆಂದು ಅಲ್ಲಿ ಕಲಿತೆ. ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕ್ಲೇಮುಗಳನ್ನು ಪರಿಶೀಲಿಸಿದ ಮೇಲೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆದ್ದರಿಂದ ಬರೆಯುತ್ತಿದ್ದೇನೆ; ಬರೆದೇ ಉತ್ತರಿಸತಕ್ಕದ್ದು.

ವಿಷಯ ನಮ್ಮ ಪಡಸಾಲೆಯ ಹಲಗೆಯದು. ನನ್ನ ಚರ್ಚಾಫಲಕವನ್ನು ಮೊಳೆಯಿಂದ ಇಳಿಸಿ, ಕೇಳದೆಯೇ ಇಳಿಸಿ, ನಮ್ಮ ಮಗರಾಯ ಸಾತ್ವಿಕ ಅಲ್ಲಿ ಒಂದು ಹಳೆಯ ಮಾನಿಟರನ್ನು ತೂಗುಹಾಕಿ ಅದನ್ನೇ ಹಲಗೆ ಎಂದ. ಅದರ ಹಿಂದೆ ಬೆಂಕಿಪೊಟ್ಟಣದಷ್ಟು ಚಿಕ್ಕ ಕಂಪ್ಯೂಟರು. ಅದರೊಳಗೆ ಸಿ ಭಾಷೆಯಲ್ಲಿ ಅವನೇ ಬರೆದ ಪ್ರೋಗ್ರಾಂ. ಪ್ರತಿದಿನ ಸಂಜೆ ಏಳಕ್ಕೆ ಅದು ಮನೆಯ ಮೂವರ ಹೆಸರುಗಳನ್ನು ಒಂದೊಂದಾಗಿ ವಿಚಾರಿಸುತ್ತದೆ: ಈ ಹೆಸರಿನ ಫೋನಿಗೆ ಈ ಮನೆಯಲ್ಲಿ ವಿಳಾಸವಿದೆಯೇ? ವೈಫೈ ಪೆಟ್ಟಿಗೆ ‘ಇದೆ’ ಎಂದು ಉತ್ತರಿಸಿದರೆ ತೆರೆಯ ಮೇಲೆ ‘ಮನೆಯಲ್ಲಿ’ ಎಂದು ಮೂಡುತ್ತದೆ, ಇಲ್ಲವೆಂದರೆ ‘ಸಿಗಲಿಲ್ಲ’. ಅದು ವಿಳಾಸವನ್ನು ಕೇಳುತ್ತದೆಯೇ ಹೊರತು ಬಾಗಿಲು ತಟ್ಟಿ ನೋಡುವುದಿಲ್ಲ. ಹಿಂದೊಮ್ಮೆ ನಾನು ಪರ್ವತಿ ಗುಡ್ಡದ ಮೆಟ್ಟಿಲು ಹತ್ತುತ್ತಿದ್ದಾಗ ನಾನು ಮನೆಯಲ್ಲಿದ್ದೇನೆಂದು ಹೇಳಿತ್ತು. ಆ ದೋಷದ ಬಗ್ಗೆ ನಾನೂ ಸಾತ್ವಿಕನೂ ಎರಡು ತಿಂಗಳು ವಾದಿಸಿದ್ದೆವು, ನಿರ್ಣಯವಾಗಲಿಲ್ಲ.

ಅವನು ತೀರಿಕೊಂಡ ಮೇಲೆ ಒಂದು ವರ್ಷ ಅದು ‘ಸಾತ್ವಿಕ: ಸಿಗಲಿಲ್ಲ’ ಎಂದಿತು. ಅದು ಸತ್ಯ. ಸತ್ಯವೆಂದೇ ನಾನು ಅದನ್ನು ಆರಿಸಲಿಲ್ಲ. ದಿನವೂ ಎದುರು ನಿಂತು ಗಟ್ಟಿಯಾಗಿ ಓದಿದೆ. ಕಳೆದ ತಿಂಗಳು ಒಂಬತ್ತರಂದು ಅವನ ವರ್ಷಾಂತಿಕ. ಅವನ ಆಫೀಸಿನ ಗೆಳೆಯನೆಂದು ನೀನೂ ಬಂದಿದ್ದೆ. ಅಂದೇ ಸಂಜೆ ಐದಕ್ಕೆ ನಾನು ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಧಾರವಾಡಕ್ಕೆ ಹೊರಟೆ. ಹದಿನೈದು ದಿನ ಬಿಟ್ಟು ಬಂದು ಏಳು ಗಂಟೆಗೆ ನಿಂತರೆ ಹಲಗೆ ಹೇಳುತ್ತದೆ: ‘ಸಾತ್ವಿಕ: ಮನೆಯಲ್ಲಿ.’

ದೆವ್ವದ ವಾದವನ್ನು ನಾನು ಒಪ್ಪುವುದಿಲ್ಲ. ಸಾತ್ವಿಕ ಬದುಕಿದ್ದಾಗಲೇ ಏಳು ಗಂಟೆಗೆ ಮನೆ ಸೇರಿದವನಲ್ಲ.

ನನ್ನ ಚಿಂತೆ ಯಂತ್ರದ್ದಲ್ಲ, ಅವನ ತಾಯಿ ಭಾಮಾಳದು. ವರ್ಷವಿಡೀ ನಾಲ್ಕು ಮಾತಾಡದ ಹೆಂಗಸು ಈಗ ಹಲಗೆಯತ್ತ ಒಮ್ಮೆ ನೋಡಿ, ‘ಹೂಂ’ ಎಂದು ಒಳಗೆ ಹೋಗಿ, ಏನೋ ಗುನುಗುತ್ತ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಾಳೆ. ನನ್ನ ತೂಕ ಒಂದು ಕಿಲೋ ಏರಿದೆ. ಅದಕ್ಕೂ ಅವಳೇ ಹೊಣೆ. ಮೇಲಿನ ಮನೆಯ ಕುಸುಮತಾಯಿ ಸಕ್ಕರೆ ಕೇಳಲು ಬಂದು ಹಲಗೆ ಓದಿ, ಸಕ್ಕರೆಯನ್ನು ಮರೆತು, “ಏಕ್ದಾ ಶಾಂತ್ ಕರೂನ್ ಘ್ಯಾ” ಎಂದು ಹೇಳಿಹೋದರು. ಶಾಂತಿ ಮಾಡಿಸಲು ಪುರೋಹಿತರನ್ನೂ ತಾವೇ ಗೊತ್ತುಮಾಡುತ್ತಾರಂತೆ. ಮಗನಿದ್ದಾನೆಂದು ಭಾಮಾ ನಂಬಿಬಿಟ್ಟರೆ, ಯಂತ್ರ ಮತ್ತೆ ನಿಜ ಹೇಳಿದ ದಿನ ಅವಳು ಅವನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಾಳೆ. ಅದಕ್ಕೆ ನಾನು ಅವಕಾಶ ಕೊಡಲಾರೆ. ಈ ಸುಳ್ಳುಸಾಕ್ಷಿ ಎಲ್ಲಿಂದ ಬರುತ್ತಿದೆ, ತಿಳಿಸು.

ಇತಿ,
ಏಕನಾಥ ವಾಮನರಾವ್ ಹುಯಿಲಗೋಳ

*

ಹಿಂಜವಾಡಿ
೧೩ ಮಾರ್ಚ್ ೨೦೨೪

ನಮಸ್ಕಾರ ಅಂಕಲ್,

ಲೆಟರ್ ಸಿಕ್ತು. ರಿಜಿಸ್ಟರ್ಡ್ ಪೋಸ್ಟ್ ಆಗಿದ್ರಿಂದ ನಮ್ಮ ಅಪಾರ್ಟ್‌ಮೆಂಟ್ ಸೆಕ್ಯೂರಿಟಿಯವರು ಕೋರ್ಟ್ ನೋಟಿಸ್ ಅನ್ಕೊಂಡು, ನಾನಿಲ್ಲ ಅಂತ ಎರಡು ಸಲ ವಾಪಸ್ ಕಳಿಸಿದ್ರಂತೆ. ನಾನು ಕೈಯಲ್ಲಿ ಲೆಟರ್ ಬರೆದು ಹತ್ತು ವರ್ಷ ಆಗಿದೆ. ಹ್ಯಾಂಡ್‌ರೈಟಿಂಗ್‌ಗೆ ಕ್ಷಮೆ ಇರಲಿ. ತುಮಕೂರಲ್ಲಿ ಅಮ್ಮನಿಗೆ ಹೇಳಿದ್ರೆ ಅವರು ನಂಬ್ತಾನೇ ಇಲ್ಲ.

ಹಲಗೆ ವಿಷಯ. ರೂಟರ್ ಹಳೇ ವಿಳಾಸ ನೆನಪಿಟ್ಕೊಂಡಿರಬಹುದು ಅಂಕಲ್. ಅಥವಾ ಬೇರೆ ಏನೋ ಇರಬಹುದು. ಇಂಥದ್ದೆಲ್ಲ ಕೆಲವು ಸಲ ತಾನಾಗೇ ಸರಿಹೋಗುತ್ತೆ, ಕೆಲವು ಸಲ ಹೋಗಲ್ಲ. ಸುಮ್ನೆ ಬಿಟ್ಬಿಡೋದು ಒಳ್ಳೇದು ಅಂತ ನನಗನಿಸುತ್ತೆ. ಅದರಿಂದ ಯಾರಿಗೂ ತೊಂದರೆ ಇಲ್ವಲ್ಲ?

ನೀವೇ ನೋಡಲೇಬೇಕು ಅಂದ್ರೆ ಮೊದಲು ಸಿ ಕಲೀಬೇಕಾಗುತ್ತೆ. ಪುಸ್ತಕ ಕೊರಿಯರ್ ಮಾಡಿದೀನಿ, ಆರುನೂರು ಪೇಜ್ ಇದೆ. ಕೊನೇ ಚಾಪ್ಟರ್ ನೆಟ್‌ವರ್ಕ್ ಬಗ್ಗೆ. ಆದ್ರೆ ನೇರ ಅಲ್ಲಿಗೆ ಹೋದ್ರೆ ಅರ್ಥ ಆಗಲ್ಲ. ಮೊದಲಿಂದ ಓದಿ, ಎಲ್ಲಾ ಎಕ್ಸರ್ಸೈಸೂ ಮಾಡಿ. ಅರ್ಜೆಂಟ್ ಏನಿಲ್ಲ. ಆರು ತಿಂಗಳು, ಒಂದು ವರ್ಷ ತಗೊಳ್ಳಿ.

ನಿಮ್ಮ,
ಮಿಥುನ

*

ಸದಾಶಿವ ಪೇಠ
೨೯ ಏಪ್ರಿಲ್ ೨೦೨೪

ಚಿ. ಮಿಥುನನಿಗೆ ಆಶೀರ್ವಾದಗಳು.

ಪುಸ್ತಕ ಓದಿ ಮುಗಿಯಿತು. ಲೆಕ್ಕಗಳನ್ನೆಲ್ಲ ಬಿಡಿಸಿದ್ದೇನೆ. ಹನ್ನೊಂದು ಕಡೆ ಮುದ್ರಣದೋಷಗಳಿದ್ದವು, ಪ್ರಕಾಶಕರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ನೀನು ಆರು ತಿಂಗಳು ಎಂದಿದ್ದೆ. ಆರು ವಾರ ಸಾಕಾಯಿತು. ನನ್ನನ್ನು ತಡೆಯಲು ಆರುನೂರು ಪುಟ ಸಾಲದೆಂದು ನೀನು ಊಹಿಸಬೇಕಿತ್ತು.

ಮೊದಲು ಒಂದು ತಿದ್ದುಪಡಿ. ಅಂಕಲ್ ಎಂಬುದು ಸಂಬಂಧವಲ್ಲ, ಅಂಗಡಿಯಲ್ಲಿ ದಾರಿ ಬಿಡಿಸಿಕೊಳ್ಳುವ ಮಾತು. ಕಾಕಾ ಎನ್ನು. ಭಾಮಾಳನ್ನು ಕಾಕು ಎನ್ನು.

ಸಾತ್ವಿಕನ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ಟಿಪ್ಪಣಿಗಳು ಕಡಿಮೆ, ಅಕ್ಷರ ಪೋಣಿಸಿದ ರೀತಿ ಅವನ ಕೋಣೆಯಂತೆಯೇ ಅಸ್ತವ್ಯಸ್ತ. ಆದರೆ ತರ್ಕ ಶುದ್ಧವಾಗಿದೆ. ಹೆಸರು ಕೊಟ್ಟು ವಿಳಾಸ ತರಿಸಲು ಅವನು ಬಳಸಿದ್ದು ‘ಗೆಟ್‌ಹೋಸ್ಟ್‌ಬೈನೇಮ್’ ಎಂಬ ಕರೆಯನ್ನು. ಈ ಕರೆ ಹಳತಾಯಿತು, ಹೊಸ ಪ್ರೋಗ್ರಾಮುಗಳಲ್ಲಿ ಇದರ ಬದಲು ‘ಗೆಟ್‌ಆಡ್ರ್‌ಇನ್ಫೋ’ ಎಂಬುದನ್ನು ಬಳಸಬೇಕೆಂದು ನಿನ್ನ ಪುಸ್ತಕ ಉಪದೇಶಿಸುತ್ತದೆ. ನಾನು ಬದಲಿಸಿಲ್ಲ. ಕೇಳಿದ್ದಕ್ಕೆ ಇಂದಿಗೂ ಸರಿಯಾದ ಉತ್ತರ ಕೊಡುತ್ತಿರುವವನನ್ನು ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಹೊರಹಾಕುವುದು ಈ ಮನೆಯಲ್ಲಿ ನಡೆಯುವುದಿಲ್ಲ.

ಇನ್ನೊಂದು. ಈ ಕರೆ ಸೋತಾಗ ಎರಡು ಬಗೆಯ ಕಾರಣ ಕೊಡುತ್ತದೆ: ಆ ಹೆಸರಿನವರು ಯಾರೂ ಇಲ್ಲ ಎಂಬುದೊಂದು, ಈಗ ಹೇಳಲಾಗದು, ಆಮೇಲೆ ಕೇಳಿ ಎಂಬುದೊಂದು. ಸಾತ್ವಿಕ ಎರಡಕ್ಕೂ ‘ಸಿಗಲಿಲ್ಲ’ ಎಂದೇ ಬರೆದುಬಿಟ್ಟಿದ್ದ. ಇದು ಅನ್ಯಾಯ. ನಮ್ಮ ವಿಮಾ ಕಚೇರಿ ಮೂವತ್ತೊಂದು ವರ್ಷ ನಡೆದದ್ದೇ ಎರಡನೆಯ ಉತ್ತರದ ಮೇಲೆ.

ಈಗ ಪರೀಕ್ಷೆಗೆ ಬರುತ್ತೇನೆ. ನೀನು ವೈಫೈ ಪೆಟ್ಟಿಗೆಯ ಮೇಲೆ ಸಂಶಯಪಟ್ಟಿದ್ದೆ. ಕಳೆದ ವಾರ ಏಳಕ್ಕೆ ಐದು ನಿಮಿಷವಿರುವಾಗ ಪೆಟ್ಟಿಗೆಯ ತಂತಿಯನ್ನೇ ಕಿತ್ತೆ. ನಾನೂ ಭಾಮಾಳೂ ಹಲಗೆಗೆ ಎದುರಾಗಿ ನಿಂತಿದ್ದೆವು. ಏಳು ಹೊಡೆಯಿತು. ಏಕನಾಥ: ಸಿಗಲಿಲ್ಲ. ಭಾಮಾ: ಸಿಗಲಿಲ್ಲ. ಸಾತ್ವಿಕ: ಮನೆಯಲ್ಲಿ. ಭಾಮಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅವನ ಫೋನು ಅವಳ ಕಪಾಟಿನಲ್ಲಿದೆ. ತೆಗೆಸಿ ನೋಡಿದೆ, ಸತ್ತುಬಿದ್ದಿದೆ. ಪೆಟ್ಟಿಗೆಯೂ ನಿರ್ದೋಷಿ, ಫೋನೂ ನಿರ್ದೋಷಿ. ಅಂದಮೇಲೆ ಸಾಕ್ಷಿ ಯಂತ್ರದೊಳಗೇ ಇದ್ದಾನೆ.

ತಂತಿಯನ್ನು ಮತ್ತೆ ಸಿಕ್ಕಿಸಿ, ಮೂವರ ವಿಳಾಸಗಳನ್ನೂ ತೆರೆಯ ಮೇಲೆ ಬರೆಯುವಂತೆ ಪ್ರೋಗ್ರಾಮನ್ನು ತಿದ್ದಿದೆ. ಮೂರು ಹೆಸರನ್ನೂ ಮೊದಲು ಕೇಳಿಟ್ಟುಕೊಂಡು, ಉತ್ತರಗಳನ್ನು ಕೊನೆಗೆ ಒಟ್ಟಿಗೆ ಬರೆಸಿದೆ. ಮೂವರಿಗೂ ಒಂದೇ ವಿಳಾಸ ಬಂತು: ೧೨೭.೦.೦.೧. ಇದು ಹೇಗೆ ಸಾಧ್ಯವೆಂದು ನಾನು ತಲೆ ತುರಿಸಿಕೊಳ್ಳುತ್ತಿದ್ದರೆ ಭಾಮಾ, “ಸರೀನಽ ಅದಲ್ರಿ. ಮೂರೂ ಮಂದಿ ಇರೋದು ಒಂದಽ ಮನಿಯೊಳಗ” ಎಂದಳು. ಅವಳ ಸ್ಥಿತಿ ಎಲ್ಲಿಗೆ ಬಂದಿದೆ ನೋಡು. ತಪ್ಪು ಎಲ್ಲಿದೆ, ಬೇಗ ತಿಳಿಸು.

ಇತಿ,
ಏ. ವಾ. ಹುಯಿಲಗೋಳ

*

ಹಿಂಜವಾಡಿ
೮ ಮೇ ೨೦೨೪

ಕಾಕಾ, ನಮಸ್ಕಾರ.

ಆರು ವಾರ! ನಮ್ಮ ಟೀಮ್‌ಲೀಡ್ ಧನುಶ್ರೀಗೆ ನಿಮ್ಮ ಲೆಟರ್ ಓದಿ ಹೇಳ್ದೆ. ಇವರನ್ನ ನಾಳೆನೇ ಇಂಟರ್ವ್ಯೂಗೆ ಕರ್ಕೊಂಡ್ ಬಾ ಅಂದ್ರು. ಇಂಟರ್ವ್ಯೂ ಮಾಡೋರು ಯಾರು ಅನ್ನೋದು ಪ್ರಶ್ನೆ ಅಂದೆ.

ಮೂರಕ್ಕೂ ಒಂದೇ ವಿಳಾಸ ಬಂದಿದ್ದು ಎಲ್ಲರೂ ಮಾಡೋ ತಪ್ಪು. ನಾನು, ಸಾತ್ವಿಕ ಇಬ್ರೂ ಮಾಡಿದ್ವಿ. ಆ ಹಳೇ ಕರೆ ಹತ್ರ ಇರೋದು ಒಂದೇ ಸ್ಲೇಟು. ಪ್ರತೀ ಸಲ ಕೇಳಿದಾಗ ಹಿಂದಿನ ಉತ್ತರ ಒರೆಸಿ ಅದರ ಮೇಲೇ ಹೊಸದು ಬರೆಯುತ್ತೆ. ನೀವು ಮೂರು ಸಲ ಕೇಳಿ ಆಮೇಲೆ ನೋಡಿದ್ರೆ ಮೂರು ಕಡೆನೂ ಕೊನೇ ಉತ್ತರನೇ ಕಾಣುತ್ತೆ. ಒಂದೊಂದು ಉತ್ತರ ಬಂದ ತಕ್ಷಣ ನಿಮ್ಮ ಕಡೆ ಕಾಪಿ ಮಾಡ್ಕೊಬೇಕು.

ಆದ್ರೆ ಕಾಕಾ, ಇದನ್ನ ಇಲ್ಲಿಗೇ ನಿಲ್ಸಿದ್ರೆ ಆಗಲ್ವಾ? ಆ ನಂಬರ್‌ಗೆಲ್ಲ ತಲೆ ಕೆಡಿಸ್ಕೋಬೇಡಿ. ನಾನೇ ಒಂದಿನ ಬಂದು ನೋಡ್ತೀನಿ. ಈ ತಿಂಗಳು ರಿಲೀಸ್ ಇದೆ, ಮುಂದಿನ ತಿಂಗಳು ಊರಿಗೆ ಹೋಗ್ಬೇಕು, ಆಮೇಲೆ ಮಳೆ.

ಕಾಕು ಹೇಗಿದಾರೆ? ನೀವು ಸರಿಯಾಗಿ ಊಟ ಮಾಡ್ತಿದೀರಾ?

ಮಿಥುನ

*

ಸದಾಶಿವ ಪೇಠ
೩ ಜೂನ್ ೨೦೨೪

ಮಿಥುನ,

ನಿನ್ನ ಸ್ಲೇಟಿನ ಮಾತು ಸರಿಯಾಗಿತ್ತು. ಉತ್ತರ ಬಂದ ಕೂಡಲೇ ನಕಲು ಮಾಡಿಕೊಂಡೆ. ಈಗ ನನ್ನದು ೧೯೨.೧೬೮.೧.೯, ಭಾಮಾಳದು ೧೯೨.೧೬೮.೧.೧೨. ಸಾತ್ವಿಕನದು ಮಾತ್ರ ಈಗಲೂ ೧೨೭.೦.೦.೧.

ನಾನು ಕೇಳದ ಪ್ರಶ್ನೆಗೆಲ್ಲ ಉತ್ತರಿಸುವ ನೀನು ಆ ಸಂಖ್ಯೆಯ ಹತ್ತಿರ ಬಂದು ಮಾತು ತಪ್ಪಿಸಿದೆ. ಚರ್ಚೆಯಲ್ಲಿ ಎದುರಾಳಿ ಯಾವ ಅಂಶವನ್ನು ಮುಟ್ಟುವುದಿಲ್ಲವೋ ಅಲ್ಲಿಯೇ ಅಗೆಯಬೇಕು. ಪುಸ್ತಕದ ಐನೂರ ಎಪ್ಪತ್ತೆರಡನೆಯ ಪುಟದಲ್ಲಿ ಸಿಕ್ಕಿತು. ಅದು ಯಾರ ಮನೆಯ ವಿಳಾಸವೂ ಅಲ್ಲ. ಯಾವ ಯಂತ್ರವೇ ಆಗಲಿ ತನ್ನನ್ನೇ ತಾನು ಕರೆದುಕೊಳ್ಳುವ ವಿಳಾಸ ಅದು. ‘ನಾನೇ, ಇಲ್ಲೇ’ ಎಂದರ್ಥ. ಮುಂದಿನ ಪುಟದಲ್ಲಿ ಇನ್ನೊಂದು ಮಾತು: ಹೆಸರು ಕೇಳಿದಾಗ ಯಂತ್ರ ಹೊರಗೆ ವಿಚಾರಿಸುವ ಮುನ್ನ ತನ್ನಲ್ಲೇ ಇರುವ ‘ಹೋಸ್ಟ್ಸ್’ ಎಂಬ ಚಿಕ್ಕ ಕಡತವನ್ನು ನೋಡುತ್ತದೆ. ಅಲ್ಲಿ ಬರೆದಿದ್ದರೆ ಅದೇ ಕೊನೆಯ ಮಾತು. ಊರು ಏನೆಂದರೂ ಲೆಕ್ಕಕ್ಕಿಲ್ಲ.

ಕಡತ ತೆರೆದೆ. ಮೂರನೆಯ ಸಾಲಿನಲ್ಲಿ ಆ ವಿಳಾಸ, ಅದರ ಪಕ್ಕದಲ್ಲಿ ನನ್ನ ಮಗನ ಹೆಸರು.

ಕಡತವನ್ನು ಕಡೆಯ ಬಾರಿ ತಿದ್ದಿದ ಸಮಯವನ್ನು ಯಂತ್ರ ಬರೆದಿಟ್ಟಿರುತ್ತದೆ. ಫೆಬ್ರುವರಿ ಒಂಬತ್ತು, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಆಗ ಊಟ ಮುಗಿದಿತ್ತು. ನಾನು ಒಳಗೆ ಧಾರವಾಡಕ್ಕೆ ಚೀಲ ತುಂಬುತ್ತಿದ್ದೆ. ಪಡಸಾಲೆಯಲ್ಲಿದ್ದವರು ಪುರೋಹಿತರಾದ ಶ್ಯಾಮಭಟ್ಟರು ಮತ್ತು ನೀನು. ಭಟ್ಟರಿಗೆ ಸಿ ಬಾರದು, ಸಂಸ್ಕೃತವೇ ಅಷ್ಟಕ್ಕಷ್ಟೆ.

ನಿನ್ನನ್ನು ನಾನು ಮಗನ ಸ್ನೇಹಿತನೆಂದು ಊಟಕ್ಕೆ ಕೂಡಿಸಿದ್ದೆ. ಆ ದಿನ, ಆ ಮನೆಯಲ್ಲಿ, ಆ ಹೆಸರಿನೊಡನೆ ಆಟವಾಡುವ ಮನಸ್ಸು ನಿನಗೆ ಹೇಗೆ ಬಂತು? ಅಂದಿನಿಂದ ನೀನು ಈ ಮನೆಯ ಮೆಟ್ಟಿಲು ಹತ್ತಿಲ್ಲ. ಅದನ್ನೂ ನಾನು ಸಾಕ್ಷ್ಯವೆಂದೇ ಪರಿಗಣಿಸುತ್ತೇನೆ. ಉತ್ತರಕ್ಕೆ ಹದಿನೈದು ದಿನಗಳ ಅವಧಿ ಕೊಟ್ಟಿದ್ದೇನೆ. ಅದರ ನಂತರ ಆ ಸಾಲನ್ನು ಅಳಿಸುತ್ತೇನೆ, ಭಾಮಾಳನ್ನು ಎದುರಿಗೆ ಕೂರಿಸಿಕೊಂಡೇ ಅಳಿಸುತ್ತೇನೆ.

ಏ. ವಾ. ಹುಯಿಲಗೋಳ

*

ಹಿಂಜವಾಡಿ
೧೨ ಜೂನ್ ೨೦೨೪

ಕಾಕಾ,

ಹೌದು, ನಾನೇ ಬರೆದಿದ್ದು. ಆಟಕ್ಕಲ್ಲ.

ಯಾಕೆ ಅಂತ ನಾನು ಹೇಳೋ ಹಾಗಿಲ್ಲ, ಮಾತು ಕೊಟ್ಟಿದೀನಿ. ಕಾಕು ಅವರನ್ನ ಕೇಳಿ. ದಯವಿಟ್ಟು ಮೊದಲು ಕೇಳಿ, ಆಮೇಲೆ ಅಳಿಸಿ. ನೀವು ಕೂಗಾಡ್ತೀರಿ ಅಂತ ನಾನು ಬರೋದು ಬಿಟ್ಟಿದ್ದಲ್ಲ. ಸಾತ್ವಿಕನ ಮನೆಯಲ್ಲಿ ನಿಮ್ಮೆದುರು ಕೂತು ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ. ನಿಮ್ಮ ಜೊತೆ ಐದು ನಿಮಿಷ ಮಾತಾಡಿದ್ರೆ ಸಾಕು, ಯಾರಾದ್ರೂ ಒಪ್ಪಿಕೊಂಡುಬಿಡ್ತಾರೆ ಅಂತ ಅವನೇ ಹೇಳ್ತಿದ್ದ.

ಮಿಥುನ

*

ಸದಾಶಿವ ಪೇಠ
೨೪ ಜೂನ್ ೨೦೨೪

ಚಿ. ಮಿಥುನನಿಗೆ ಅನೇಕ ಆಶೀರ್ವಾದಗಳು.

ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಒಂದು ಅಕ್ಷರವನ್ನೂ ಬದಲಿಸಿಲ್ಲ.

ನಿನ್ನ ಪತ್ರ ಬಂದ ದಿನ ಭಾಮಾಳನ್ನು ಪಡಸಾಲೆಗೆ ಕರೆದು ಕೂರಿಸಿದೆ. ತೆರೆಯ ಮೇಲೆ ಕಡತ ತೆರೆದಿಟ್ಟಿದ್ದೆ. ಯಂತ್ರ ಸುಳ್ಳು ಹೇಳುತ್ತಿದೆ, ಧೈರ್ಯ ತಂದುಕೋ ಎಂದು ಪೀಠಿಕೆ ಹಾಕಿ, ಹೆಸರು, ವಿಳಾಸ, ಕಡತ, ಮೂರು ಗಂಟೆ ನಲವತ್ತು ನಿಮಿಷ ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಅರ್ಧ ಗಂಟೆ ಹಿಡಿಯಿತು. ಅವಳು ಮಡಿಲಲ್ಲಿ ಮೆಂತ್ಯೆಸೊಪ್ಪಿಟ್ಟುಕೊಂಡು ಬಿಡಿಸುತ್ತಲೇ ಕೇಳಿದಳು. ನಾನು ಮುಗಿಸಿದ ಮೇಲೆ, “ಗೊತ್ತದರಿ. ನಾನಽ ಹೇಳಿ ಬರಸೀನಿ” ಎಂದಳು.

ಮಗ ಬರುವುದಿಲ್ಲವೆಂದು ಗೊತ್ತಿದ್ದೂ ಹೀಗೇಕೆ ನಿನ್ನನ್ನೇ ಮೋಸಗೊಳಿಸಿಕೊಂಡೆ ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ನೋಟವನ್ನು, ಎರಡನೆಯ ಸುತ್ತಿನಲ್ಲೇ ಸೋತ ಹುಡುಗನನ್ನು ತೀರ್ಪುಗಾರರು ನೋಡುವುದನ್ನು ಕಂಡವರು ಮಾತ್ರ ಬಲ್ಲರು.

“ಅಂವ ಎಲ್ಲಿದ್ದಾನ ಅಂತ ನನಗ ಗೊತ್ತಿಲ್ಲೇನ್ರಿ? ಅವನ ಫೋನು ಕಪಾಟಿನ್ಯಾಗ ಇಟ್ಟಾಕಿ ನಾನು. ಇದು ನನಗಲ್ಲ, ನಿಮಗ. ದಿನಾ ಏಳಕ್ಕ ಅದರ ಮುಂದ ನಿಂತು ಸಿಗಲಿಲ್ಲ ಅಂತ ಕೋರ್ಟಿನ್ಯಾಗ ಓದಿದಂಗ ಓದತಿದ್ರಿ. ಓದಿ ತಾಟಿನ ಮುಂದ ಕೂತು, ಎರಡು ತುತ್ತು ತಿಂದು ಏಳತಿದ್ರಿ. ಒಂದು ವರ್ಷ ನಿಮ್ಮ ರಾತ್ರಿ ಊಟಾ ಎಲ್ಲಾ ಪಾತ್ರಿ ತಿಕ್ಕೋ ಸಾಬವ್ವನ ಮನೀಗೆ ಹೋಗೇದ. ಆಕೀ ಮೈಕೈ ತುಂಬಿಕೊಂಡಾಳ, ನೀವು ಒಣಗಿ ಗಳಾ ಆಗಿದ್ರಿ. ಆ ಹುಡುಗಗ ಕೇಳಿದೆ: ನಿಮ್ಮ ಕಾಕಾಗ ಬುದ್ಧಿ ಹೇಳಲಿಕ್ಕೆ ನನ್ನ ಕಡಿಂದ ಆಗೂದಿಲ್ಲ, ಆ ಹಲಗಿಗಾದರೂ ಹೇಳಲಿಕ್ಕೆ ಆಗತದೇನಪಾ ಅಂತ.”

ನಾನು ಏನೋ ಹೇಳಲು ಬಾಯಿ ತೆರೆದೆ. “ಬೇಕಾದರ ಅಳಸರಿ,” ಎಂದು ಎದ್ದಳು. “ಆದರ ಊಟಾ ಮಾಡಿ ಅಳಸರಿ.”

ಊಟ ಮಾಡಿದೆ.

ಈ ನಾಲ್ಕು ತಿಂಗಳು ನಾನು ಏನನ್ನು ಸಾಧಿಸಿದೆನೆಂದು ಆಮೇಲೆ ಕೂತು ಯೋಚಿಸಿದೆ. ಹೆಂಡತಿ ಭ್ರಮೆಯಲ್ಲಿದ್ದಾಳೆಂದು ಅವಳನ್ನು ಕಾಪಾಡಲು ಒಂದು ಭಾಷೆಯನ್ನೇ ಕಲಿತೆ. ಅಷ್ಟೂ ಕಾಲ ಅವಳು ನನ್ನ ತಟ್ಟೆ ನೋಡುತ್ತ ನನ್ನನ್ನು ಕಾಪಾಡುತ್ತಿದ್ದಳು. ನಿನ್ನ ಮೇಲೆ ಹೊರಿಸಿದ ಆರೋಪವನ್ನು ಬೇಷರತ್ತಾಗಿ ಹಿಂತೆಗೆದುಕೊಂಡಿದ್ದೇನೆ. ಜೂನ್ ಮೂರರ ಪತ್ರವನ್ನು ಹರಿದುಹಾಕು. ನನ್ನ ಬಳಿಯ ನಕಲನ್ನು ನಾನು ಹರಿದಿದ್ದೇನೆ.

ಆ ಸಾಲನ್ನು ಅಳಿಸಲೆಂದು ಎರಡು ಸಂಜೆ ಕೂತೆ. ಅದು ಸುಳ್ಳೆಂದು ಸಾಧಿಸಬೇಕಿತ್ತು. ಅದು ಹೇಳುವುದು ಇಷ್ಟೇ: ಈ ಹೆಸರನ್ನು ಹುಡುಕಿಕೊಂಡು ಹೊರಗೆ ಹೋಗಬೇಡ, ಇದು ಈ ಯಂತ್ರದಲ್ಲೇ ಇದೆ. ಯಂತ್ರದಲ್ಲಿ ನೋಡಿದರೆ ಇರುವ ಸಾಲುಗಳೆಲ್ಲ ಅವನವೇ. ಅವನ ಅವಸರ, ಅವನ ಜಾಣತನ, ಮುಗಿಸದೆ ಬಿಟ್ಟ ಟಿಪ್ಪಣಿಗಳು. ಒಂದು ಕಡೆ ಅವನು ಬರೆದಿದ್ದಾನೆ: ‘ಅಪ್ಪ ಪರ್ವತಿಗೆ ಹೋದರೂ ಮನೆಯಲ್ಲಿ ಎಂದೇ ತೋರಿಸುತ್ತದೆ, ಸರಿಪಡಿಸಬೇಕು, ಇಲ್ಲದಿದ್ದರೆ ಅವರು ನನ್ನನ್ನು ಬಿಡುವುದಿಲ್ಲ.’ ಎರಡು ತಿಂಗಳ ಆ ವಾದದಲ್ಲಿ ನಾನೇ ಗೆದ್ದಿದ್ದೆನೆಂದು ಈಗ ತಿಳಿಯಿತು. ಆದರೆ ಈ ಸಾಲಿನ ವಿರುದ್ಧ ನನಗೆ ಖಂಡನೆ ಹೊಳೆಯಲಿಲ್ಲ. ಚರ್ಚಾಫಲಕವಿದ್ದ ಗೋಡೆಯಡಿ ಕೂತು, ಜೀವನದಲ್ಲಿ ಮೊದಲ ಸಲ, ನಿರ್ಣಯವನ್ನು ಎದುರಿನ ಪಕ್ಷಕ್ಕೆ ಬಿಟ್ಟುಕೊಟ್ಟೆ. ಸಾಲು ಹಾಗೇ ಇದೆ. ಕುಸುಮತಾಯಿಗೆ ಕಡತದ ವಿಷಯ ವಿವರಿಸಿದೆ. ಪುರೋಹಿತರಿಗೆ ದಿನ ಗೊತ್ತುಮಾಡಿಬಿಟ್ಟಿದ್ದರಂತೆ, ಬೇಸರಪಟ್ಟುಕೊಂಡರು.

ಪ್ರೋಗ್ರಾಮಿಗೆ ನಾಲ್ಕನೆಯ ಹೆಸರೊಂದನ್ನು ಸೇರಿಸಿದ್ದೇನೆ. ನಿನ್ನದು. ನಿನ್ನ ಫೋನಿಗೆ ಕಂಪನಿಯವರು ಇಟ್ಟ ಅಂಕೆಗಳ ಹೆಸರನ್ನು ತೆಗೆದು ‘ಮಿಥುನ’ ಎಂದು ಹೆಸರಿಟ್ಟುಕೊಂಡು ಬಾ. ವೈಫೈಯ ಗುಪ್ತಪದ ಹಿಂದಿನದೇ. ಐದು ದಿನಗಳಿಂದ ಏಳಕ್ಕೆ ಹಲಗೆಯ ಮುಂದೆ ನಿಂತು ‘ಮಿಥುನ: ಸಿಗಲಿಲ್ಲ’ ಎಂದು ಗಟ್ಟಿಯಾಗಿ ಓದುತ್ತಿದ್ದೇನೆ. ನಿನ್ನೆ ಭಾಮಾ ಒಳಗಿನಿಂದ, ಇನ್ನೆರಡು ದಿನ ಹೀಗೇ ಓದಿದರೆ ನಿಮ್ಮ ಊಟ ಮತ್ತೆ ಸಾಬವ್ವನ ಪಾಲಾಗುತ್ತದೆ ನೋಡಿ ಎಂದು ಎಚ್ಚರಿಸಿದಳು. ಬರುವ ಭಾನುವಾರ ಎಣ್ಣೆಗಾಯಿ ಇದೆ.

ಒಂದು ಮಾತು ನೆನಪಿರಲಿ. ನಿನ್ನ ಹೆಸರನ್ನು ಆ ಕಡತದಲ್ಲಿ ನಾನು ಬರೆಯುವುದಿಲ್ಲ, ಭಾಮಾ ಹೇಳಿದರೂ ಬರೆಯುವುದಿಲ್ಲ. ಬದುಕಿರುವವರು ಬಂದೇ ಸಿಗತಕ್ಕದ್ದು.

ನಿನ್ನ ಕಾಕಾ,
ಏಕನಾಥ